ಉಳಿಕೆಯ ಲೆಕ್ಕಕ್ಕೆ ಬಿದ್ದ ಕಾಯಿಲೆ

ತಿಂಗಳುಗಟ್ಟಲೆ ಬಿಡದೆ ಕಾಡುವ ಆತಂಕಕ್ಕೆ ವೈದ್ಯಶಾಸ್ತ್ರದಲ್ಲಿ ಸ್ವಂತ ಹೆಸರು ಸಿಕ್ಕಿದ್ದು 1980ರಲ್ಲಿ, ಅದೂ ಉಳಿಕೆಯ ಲೆಕ್ಕದಲ್ಲಿ. 1895ರಲ್ಲಿ ಫ್ರಾಯ್ಡ್ ನರದೌರ್ಬಲ್ಯದಿಂದ ಬೇರ್ಪಡಿಸಿದ್ದ ‘ಆತಂಕ ನ್ಯೂರೋಸಿಸ್’ನೊಳಗೆ ದಿಢೀರನೆ ಎರಗುವ ಭಯವೂ ಸದಾ ಒಳಗೊಳಗೇ ಕೊರೆಯುವ ಕಳವಳವೂ ಒಟ್ಟಿಗಿದ್ದವು. ಇಮಿಪ್ರಮಿನ್ ಮಾತ್ರೆ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ ಎಂದು 1960ರ ದಶಕದಲ್ಲಿ ಡೊನಾಲ್ಡ್ ಕ್ಲೈನ್ ಕಂಡುಕೊಂಡರು. ಮುಂದೆ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-3 ಆ ಭಯದ ದಾಳಿಯನ್ನು ಪ್ಯಾನಿಕ್ ಡಿಸಾರ್ಡರ್ ಎಂದು ಬೇರೆ ಮಾಡಿತು. ಮಿಕ್ಕಿದ್ದು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಆಯಿತು. ಒಂದು ತಿಂಗಳ ಆತಂಕವಿದ್ದರೆ ಸಾಕಿತ್ತು. ಆದರೆ ಖಿನ್ನತೆಯೋ ಪ್ಯಾನಿಕ್ಕೋ ಜೊತೆಗಿದ್ದರೆ ಈ ಹೆಸರು ಬರೆಯುವಂತಿರಲಿಲ್ಲ. ಜೊತೆ ಕಟ್ಟಿಕೊಂಡೇ ಬರುವುದು ಈ ಕಾಯಿಲೆಯ ಸ್ವಭಾವ. ಹೀಗಾಗಿ ಹೆಚ್ಚು ನರಳುವವರೇ ಲೆಕ್ಕದಿಂದ ಹೊರಬಿದ್ದರು. ಇದು ಹಗುರವಾದದ್ದೆಂಬ ಭಾವನೆ ಬೇರೂರಲು ಆ ನಿಯಮವೇ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ.

1987ರಲ್ಲಿ ಆ ನಿಯಮ ಸಡಿಲವಾಯಿತು, ಅವಧಿ ಆರು ತಿಂಗಳಿಗೆ ಏರಿತು. 1990–92ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೀವಿತದಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕವರು ಶೇ 5ರಷ್ಟು. ಹಾರ್ವರ್ಡ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳ ಸಂಶೋಧಕರು 1989ರಿಂದ ರೋಗಿಗಳ ಬೆನ್ನು ಹತ್ತಿ ನೋಡಿದಾಗ, 12 ವರ್ಷಗಳಲ್ಲಿ ಗುಣಮುಖರಾದವರು ಶೇ 58 ಮಾತ್ರ. ಅವರಲ್ಲೂ ಶೇ 45 ಮಂದಿಗೆ ಅದು ಮರುಕಳಿಸಿತು. ಆರು ತಿಂಗಳ ಷರತ್ತು ಹಾಕಿದರೆ ದೀರ್ಘಕಾಲದ ರೋಗಿಗಳೇ ಸಿಗುತ್ತಾರಲ್ಲವೇ ಎಂದು ಕೇಳಬಹುದು. ಇವರೆಲ್ಲ ಚಿಕಿತ್ಸೆಗೆ ಬಂದವರು, ಹಾಗಾಗಿ ಚಿತ್ರ ಸ್ವಲ್ಪ ಗಾಢವಾಗಿರಲೂಬಹುದು. ಆದರೂ ಆರು ತಿಂಗಳಿಗೂ ಹನ್ನೆರಡು ವರ್ಷಕ್ಕೂ ಇರುವ ಅಂತರವನ್ನು ಯಾವ ಷರತ್ತೂ ಹುಟ್ಟಿಸಲಾರದು.

ಇದು ಸಿರಿವಂತ ದೇಶಗಳ ಕಾಯಿಲೆ ಎಂಬ ವಾದ ಇನ್ನೂ ಗಟ್ಟಿ. 2017ರಲ್ಲಿ ಪ್ರಕಟವಾದ 26 ದೇಶಗಳ ಅಧ್ಯಯನದಲ್ಲಿ ಜೀವಿತದಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕವರು ಶ್ರೀಮಂತ ದೇಶಗಳಲ್ಲಿ ಶೇ 5, ಬಡ ದೇಶಗಳಲ್ಲಿ ಶೇ 1.6. ನಿಮ್ಹಾನ್ಸ್ ಮುಂದಾಳತ್ವದ 2015–16ರ ಭಾರತೀಯ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಕಾಯಿಲೆಯಿದ್ದವರು ಶೇ 0.6ರ ಆಸುಪಾಸು. ಆದರೆ ಪ್ರಶ್ನಾವಳಿ ವಿಚಾರಿಸುವುದು ಮುಖ್ಯವಾಗಿ ಚಿಂತೆಯನ್ನು. ನಮ್ಮಲ್ಲಿ ಜನ ಡಾಕ್ಟರ ಮುಂದೆ ಹೇಳಿಕೊಳ್ಳುವುದು ಎದೆ ಡವಡವ, ಕತ್ತುನೋವು, ಸುಸ್ತು, ನಿದ್ದೆ ಬಾರದ್ದು. ಇಸಿಜಿ ಸರಿಯಾಗಿದೆ ಎಂದ ಕೂಡಲೇ ವಿಚಾರಣೆ ಮುಗಿಯುತ್ತದೆ. ಸಣ್ಣ ಅಂಕಿಯೆಂದು ಸರ್ಕಾರ ಇದನ್ನು ಬದಿಗಿಡಬಾರದು. ವಾರದ ಮಾತ್ರೆ ಕೊಟ್ಟು ಕಳಿಸದೆ, ವರ್ಷಗಟ್ಟಲೆ ಒಬ್ಬ ರೋಗಿಯನ್ನು ವಿಚಾರಿಸಿಕೊಳ್ಳುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಬರಬೇಕು.