ಕಾವಿಗೆ ಕೂರುವ ಹ್ಯಾಟೆ: ಹಿತ್ತಲ ಕೋಳಿಸಾಕಣೆಯ ಚರಿತ್ರೆ

ಕನ್ನಡ ನಾಡಿನ ಬರಹದ ದಾಖಲೆಗಳಲ್ಲಿ ಹುಂಜಕ್ಕೆ ಸಂದ ಮರ್ಯಾದೆ ಹ್ಯಾಟೆಗೆ ಸಂದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳನ್ನು ವಿವರಿಸುವಾಗ ಹುಂಜಗಳ ಕಾಳಗಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ, 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯಲ್ಲಿ ತಾಯಿಯ ಮಾತಿಗೆ ಮಣಿದು ಹಿಟ್ಟಿನ ಹುಂಜವೊಂದನ್ನು ಬಲಿಕೊಟ್ಟ ಅರಸನು ಆ ಸಂಕಲ್ಪಹಿಂಸೆಯ ಫಲವಾಗಿ ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾನೆ, ತುಳುನಾಡಿನ ಕೋಳಿ ಅಂಕಗಳಲ್ಲಿಯೂ ಗ್ರಾಮದೇವತೆಗಳ ಹರಕೆಗಳಲ್ಲಿಯೂ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಗಂಡುಕೋಳಿಯೇ. ಹಳೆಗನ್ನಡದ ‘ಪೇಂಟೆ’ಯು ‘ಹೇಂಟೆ’ಯಾಗಿ, ಆಡುಮಾತಿನಲ್ಲಿ ‘ಹ್ಯಾಟೆ’ಯಾಗಿ ಉಳಿದುಬಂದ ಹೆಣ್ಣುಕೋಳಿಯಾದರೋ ಹಿತ್ತಲಿನ ತಿಪ್ಪೆ ಕೆರೆಯುತ್ತ, ಮಂಕರಿಯಲ್ಲಿ ತತ್ತಿಯಿಡುತ್ತ, ಯಾವ ಕವಿಯ ಕಣ್ಣಿಗೂ ಅಷ್ಟಾಗಿ ಬೀಳದೆ ಮನೆಯ ಹೆಂಗಸರ ಕೈಯಲ್ಲೇ ಬದುಕಿತು. ಹಿತ್ತಲ ಕೋಳಿಸಾಕಣೆಯ ಚರಿತ್ರೆಯನ್ನು ಬರೆಯುವುದೆಂದರೆ ಈ ಮೌನದ ಒಳಗಿನಿಂದ ಬರೆಯುವುದೇ ಆಗಿದೆ.

ಕೋಳಿಯು ಮನುಷ್ಯನ ಬಳಿಗೆ ಬಂದ ಬಗೆಯ ಬಗ್ಗೆ ಇತ್ತೀಚಿನ ಸಂಶೋಧನೆಗಳು ಹಳೆಯ ಊಹೆಗಳನ್ನು ಸಾಕಷ್ಟು ತಿದ್ದಿವೆ. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯೇ ಸಾಕುಕೋಳಿಯ ಮುಖ್ಯ ಮೂಲವೆಂಬುದರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಖಚಿತವಾಗಿ ಸಾಕುಕೋಳಿಯದೆಂದು ಹೇಳಬಹುದಾದ ಅತ್ಯಂತ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ನೆಲೆಯಲ್ಲಿ ದೊರೆತಿದ್ದು, ಅವುಗಳ ಕಾಲವನ್ನು ಕ್ರಿ.ಪೂ. 1650ರಿಂದ 1250ರ ನಡುವೆ ಇರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಳೆಯಾಶ್ರಯದ ಭತ್ತ ಮತ್ತು ಕಿರುಧಾನ್ಯಗಳ ಹೊಲಗಳೇ ಕಾಡುಕೋಳಿಯನ್ನು ಮರದಿಂದ ಇಳಿಸಿ ಊರಂಚಿಗೆ ಸೆಳೆದವೆಂದು ವಾದಿಸಿದೆ. ಅಂದರೆ ಕೋಳಿಯನ್ನು ಮನುಷ್ಯ ಹಿಡಿದು ತಂದನೆನ್ನುವುದಕ್ಕಿಂತ ಕಣದಲ್ಲಿ ಚೆಲ್ಲಿದ ಕಾಳು ಕರೆದು ತಂದಿತೆನ್ನುವುದು ಸರಿ. ಸಾಕುಕೋಳಿಯ ವಂಶಕ್ಕೆ ಸಹ್ಯಾದ್ರಿಯದೂ ಒಂದು ಪಾಲು ಸೇರಿದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯು ಸಾಕುಕೋಳಿಯೊಂದಿಗೆ ಎಂದೋ ಬೆರೆತ ಕಾರಣ, ಜಗತ್ತಿನ ಬಹುಪಾಲು ಸಾಕುತಳಿಗಳಲ್ಲಿ ಕಾಣುವ ಹಳದಿ ಕಾಲು ಮತ್ತು ಹಳದಿ ಚರ್ಮದ ಗುಣವು ಅದರಿಂದಲೇ ಬಂದಿದೆಯೆಂದು 2008ರಲ್ಲಿ ವಂಶವಾಹಿ ಪರೀಕ್ಷೆಗಳಿಂದ ತಿಳಿದುಬಂದಿತು.

ಹಿತ್ತಲಿಗೆ ಬಂದ ಕೋಳಿ ಎಲ್ಲರ ಹಿತ್ತಲಿಗೂ ಬರಲಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯವು ದ್ವಿಜರಿಗೆ ನಿಷಿದ್ಧವಾದ ಆಹಾರಗಳನ್ನು ಹೇಳುವಾಗ ‘ಗ್ರಾಮಕುಕ್ಕುಟ’ವನ್ನು, ಅಂದರೆ ಊರಕೋಳಿಯನ್ನು, ಬೆಳ್ಳುಳ್ಳಿ ಮತ್ತು ಊರಹಂದಿಗಳ ಸಾಲಿನಲ್ಲಿ ನಿಲ್ಲಿಸುತ್ತದೆ, ಇಲ್ಲಿ ‘ಗ್ರಾಮ’ ಎಂಬ ವಿಶೇಷಣವೇ ನಿಷೇಧದ ಕಾರಣವನ್ನೂ ಸೂಚಿಸುವಂತಿದೆ, ಏಕೆಂದರೆ ಊರಕೋಳಿಯು ತಿಪ್ಪೆಯಲ್ಲಿ ಮೇಯುವ ಹಕ್ಕಿ. ಜೈನರ ಅಹಿಂಸೆ, ವೀರಶೈವರ ಶಾಕಾಹಾರ, ಬ್ರಾಹ್ಮಣರ ಮಡಿ ಇವುಗಳ ಪರಿಣಾಮವಾಗಿ ಹಳ್ಳಿಯ ನಕಾಶೆಯಲ್ಲಿ ಕೋಳಿ ಕೂಗುವ ಬೀದಿ ಮತ್ತು ಕೂಗದ ಬೀದಿಗಳೆಂಬ ಗೆರೆಯೊಂದು ತಾನಾಗಿ ಮೂಡಿತು. ಕುತೂಹಲದ ಸಂಗತಿಯೆಂದರೆ, ಹುಂಜದ ರೂಪವು ಜೈನ ಪರಂಪರೆಯ ಒಳಗೇ ಬೇರೊಂದು ಬಗೆಯಲ್ಲಿ ನೆಲೆಸಿದೆ: ಹುಂಜದ ತಲೆಯುಳ್ಳ ಸರ್ಪವಾದ ಕುಕ್ಕುಟಸರ್ಪವು ಪದ್ಮಾವತಿ ಯಕ್ಷಿಯ ವಾಹನವಾಗಿದೆ, ಪೌದನಪುರದ ಬಾಹುಬಲಿ ಮೂರ್ತಿಯನ್ನು ಇಂಥ ಸರ್ಪಗಳು ಮುತ್ತಿಕೊಂಡವೆಂಬ ಐತಿಹ್ಯದಿಂದಾಗಿ ಶ್ರವಣಬೆಳಗೊಳದ ಗೊಮ್ಮಟನಿಗೆ ‘ದಕ್ಷಿಣ ಕುಕ್ಕುಟೇಶ್ವರ’ನೆಂಬ ಹೆಸರೂ ಬಂದಿದೆ. ಮೊಟ್ಟೆಯ ಸುತ್ತಲಿನ ಆ ಹಳೆಯ ಗೆರೆ ಇನ್ನೂ ಅಳಿಸಿಲ್ಲವೆಂಬುದು, 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಿರೋಧದಿಂದ ಸ್ಪಷ್ಟವಾಯಿತು.

ಹಿತ್ತಲಿನ ಸಾಕಣೆಯನ್ನು ಅರ್ಥಮಾಡಿಕೊಳ್ಳಲು ಮೊದಲು ಬಿಡಬೇಕಾದ ಕಲ್ಪನೆಯೆಂದರೆ, ಅಲ್ಲಿ ಕೋಳಿಯನ್ನು ತಿನ್ನುವ ಮೊಟ್ಟೆಗಾಗಿ ಸಾಕುತ್ತಿದ್ದರೆಂಬುದು. ಹಳೆಯ ಮೈಸೂರು ಸೀಮೆಯಲ್ಲಿ ನಾಟಿ ಎಂದೂ ಉತ್ತರ ಕರ್ನಾಟಕದಲ್ಲಿ ಜವಾರಿ ಎಂದೂ ಕರೆಯುವ ಊರಿನ ಕೋಳಿಯು ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಯಿಡುತ್ತದೆ. ಅದೂ ಒಮ್ಮೆಗೇ ಅಲ್ಲ, ಒಂದು ಸುತ್ತಿಗೆ ಹನ್ನೆರಡು ಹದಿನೈದರಂತೆ ಮೂರು ನಾಲ್ಕು ಸುತ್ತುಗಳಲ್ಲಿ. ಒಂದು ಸುತ್ತು ಮುಗಿದೊಡನೆ ಹ್ಯಾಟೆಗೆ ಕಾವು ಬರುತ್ತದೆ. ಮೈಯ ಬಿಸಿಯಿಂದ ಮೊಟ್ಟೆಯನ್ನು ಮರಿಯಾಗಿಸುವ ಕ್ರಿಯೆಗೂ ಹಾಗೆ ಕೂರಬೇಕೆನ್ನುವ ಹಕ್ಕಿಯ ಹಟಕ್ಕೂ ಕನ್ನಡದಲ್ಲಿ ಕಾವು ಎಂಬ ಒಂದೇ ಮಾತಿದೆ. ಇಪ್ಪತ್ತೊಂದು ದಿನ ಕೂತು, ಮರಿ ಒಡೆಸಿ, ಮುಂದೆ ಎರಡು ತಿಂಗಳವರೆಗೆ ಪಿಳ್ಳೆಗಳನ್ನು ಹಿಂದೆ ಕಟ್ಟಿಕೊಂಡು ಅಲೆಯುವ ಹ್ಯಾಟೆಯು ಆ ಅವಧಿಯಲ್ಲಿ ಮೊಟ್ಟೆಯಿಡುವುದಿಲ್ಲ. ವರ್ಷದ ಅರವತ್ತರಲ್ಲಿ ಬಹುಪಾಲು ಹೀಗೆ ಕಾವಿಗೇ ಹೋಗುತ್ತಿದ್ದುದರಿಂದ ತಟ್ಟೆಗೆ ಬರುತ್ತಿದ್ದುದು ಬಾಣಂತಿಗೋ ಕಾಯಿಲೆಯಿಂದ ಎದ್ದವರಿಗೋ ನೆಂಟರಿಗೋ ಎತ್ತಿಟ್ಟ ಒಂದೆರಡು ಮಾತ್ರ. ರಾಗಿಯಲ್ಲಿ ಬಿತ್ತನೆಗೆ ಬೇರೆ ತೆಗೆದಿಡುವ ಮನೆತನಗಳು ಮೊಟ್ಟೆಯನ್ನೂ ಮೊದಲು ಬಿತ್ತನೆಯೆಂದೇ ಎಣಿಸುತ್ತಿದ್ದವು, ಉಣಿಸೆಂದು ಎಣಿಸುತ್ತಿದ್ದುದು ಆಮೇಲೆ.

ಈ ಬಿತ್ತನೆಯ ಸುತ್ತ ಹೆಂಗಸರು ಬೆಳೆಸಿಕೊಂಡ ಕುಶಲತೆಯನ್ನು ಶಾಸ್ತ್ರವೆಂದು ಕರೆಯಲು ಹಿಂಜರಿಯಬೇಕಾಗಿಲ್ಲ. ಹ್ಯಾಟೆ ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳನ್ನು ತಂಪಾದ ಮೂಲೆಯಲ್ಲಿ ರಾಗಿಯೊಳಗೋ ಹೊಟ್ಟಿನೊಳಗೋ ಹೂತಿಟ್ಟು, ಗೂಡು ಬರಿದಾಗಿ ಹಕ್ಕಿ ಬೇರೆಡೆಗೆ ಮನಸ್ಸು ಹೊರಳಿಸದಿರಲೆಂದು ಒಂದನ್ನು ಮಾತ್ರ ಅಲ್ಲಿಯೇ ಬಿಡುತ್ತಿದ್ದರು. ಕಾವು ಬಂದ ದಿನ ಹಳೆಯ ಮಂಕರಿಯೊಂದರಲ್ಲಿ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂಬ ನಂಬಿಕೆಯಿಂದ ಇದ್ದಿಲ ಚೂರನ್ನೂ ಕಬ್ಬಿಣದ ತುಂಡನ್ನೂ ಕೆಲವೆಡೆ ಒಣಮೆಣಸಿನಕಾಯಿಯನ್ನೂ ಇಟ್ಟು, ಹ್ಯಾಟೆಯ ರೆಕ್ಕೆಯಡಿ ಹಿಡಿಸುವಷ್ಟು ಮೊಟ್ಟೆಗಳನ್ನು ಜೋಡಿಸಿ ಕತ್ತಲಾದ ಮೇಲೆ ಕೂರಿಸುತ್ತಿದ್ದರು. ಒಂದು ವಾರ ಕಳೆದ ಮೇಲೆ ಮೊಟ್ಟೆಯನ್ನು ಬುಡ್ಡಿದೀಪಕ್ಕೆ ಅಡ್ಡ ಹಿಡಿದು, ಒಳಗೆ ಕೆಂಪು ಎಳೆಗಳು ಕಂಡರೆ ಉಳಿಸಿ, ತಿಳಿಯಾಗಿದ್ದರೆ ಹೊರತೆಗೆಯುವ ಪರೀಕ್ಷೆಯು ಇಂದಿನ ಮರಿಕೇಂದ್ರಗಳಲ್ಲಿ ವಿದ್ಯುದ್ದೀಪದಿಂದ ನಡೆಯುವ ಪರೀಕ್ಷೆಗಿಂತ ತತ್ತ್ವದಲ್ಲಿ ಭಿನ್ನವಲ್ಲ. ಅಕಾಲದಲ್ಲಿ ಬಂದ ಕಾವನ್ನು ಬಿಡಿಸಲು ಹ್ಯಾಟೆಯನ್ನು ನೀರಿನಲ್ಲಿ ಮುಳುಗಿಸುವುದು, ಅದರದೇ ಗರಿಯೊಂದನ್ನು ಮೂಗಿನ ಹೊಳ್ಳೆಗೆ ತೂರಿಸಿ ಬಿಡುವುದು ಮುಂತಾದ, ನೋಡುವವರಿಗೆ ನಿರ್ದಯವೆನಿಸುವ ಉಪಾಯಗಳೂ ಇದ್ದವು. ಪಿಳ್ಳೆಗಳ ಮೇವಿಗೆ ಮಡಕೆಯೊಂದರಲ್ಲಿ ಸಗಣಿ, ಹುಲ್ಲು, ಹಳೆಯ ಗೋಣಿಯ ಚೂರುಗಳನ್ನು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ನೆಲದ ಮೇಲೆ ಸಂಜೆ ಕವುಚಿಟ್ಟರೆ ಬೆಳಗಾಗುವಷ್ಟರಲ್ಲಿ ಮಡಕೆಯ ತುಂಬ ಗೆದ್ದಲು ಹತ್ತಿರುತ್ತಿತ್ತು. ಅದನ್ನು ಅಂಗಳದಲ್ಲಿ ಕೊಡವಿದರೆ ಸಾಕು, ಖರ್ಚಿಲ್ಲದೆ ಮರಿಗಳಿಗೆ ಬೇಕಾದ ಮಾಂಸಾಂಶ ಒದಗುತ್ತಿತ್ತು.

ಗೇಣು ನೆಲವಿಲ್ಲದ ಮನೆಗೂ ಇಂಥ ಐದಾರು ಕೋಳಿ ಸಾಧ್ಯವಿದ್ದುದೇ ಇದರ ಆರ್ಥಿಕ ಮಹತ್ವ. ಕೊಳ್ಳಲು ಹಣವಿಲ್ಲದವರು ಹ್ಯಾಟೆಯನ್ನು ಪಾಲಿಗೆ ತರುತ್ತಿದ್ದರು. ಪಾಲಿಗೆ ತರುವುದೆಂದರೆ ಸಾಕುವ ಶ್ರಮ ಒಬ್ಬರದು, ಹಕ್ಕಿ ಇನ್ನೊಬ್ಬರದು, ಆದ ಮರಿಗಳಲ್ಲಿ ಇಬ್ಬರಿಗೂ ಹಂಚಿಕೆ. ಎತ್ತು ಮಾರಿದ ಹಣ ಗಂಡಸಿನ ಕೈಗೆ ಹೋದರೆ ಸಂತೆಯಲ್ಲಿ ಹುಂಜ ಮಾರಿದ ಹಣ ಹೆಂಗಸಿನ ಸೆರಗಿನ ಗಂಟಿಗೆ ಸೇರುತ್ತಿತ್ತು. ಕಂದಾಯದ ಲೆಕ್ಕಪತ್ರಗಳಲ್ಲಿ ಹ್ಯಾಟೆ ಕಾಣಿಸದಿರುವುದಕ್ಕೂ ಈ ಗಂಟಿಗೂ ಸಂಬಂಧವಿದ್ದಿರಬೇಕು.

ಈ ವ್ಯವಸ್ಥೆಗೆ ಹದ್ದು, ಮುಂಗುಸಿ, ಕಾಡುಬೆಕ್ಕುಗಳಿಗಿಂತ ದೊಡ್ಡ ಶತ್ರು ರೋಗ. ಕನ್ನಡದ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದು ಹೆಸರಾದ ಸಾಂಕ್ರಾಮಿಕವು ಹಿಡಿದರೆ ಹಸಿರು ಭೇದಿ, ಬಾಯಿ ತೆರೆದು ಉಸಿರೆಳೆತ, ಹೊರಳಿದ ಕತ್ತು ಇವು ಕಂಡುಬಂದು ಕೆಲವೇ ದಿನಗಳಲ್ಲಿ ಕೇರಿಯ ಗೂಡುಗಳೆಲ್ಲ ಬರಿದಾಗುತ್ತವೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಲಾದ ಇದೇ ರೋಗವು ಮರುವರ್ಷ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಕಾಣಿಸಿಕೊಂಡದ್ದರಿಂದ ಭಾರತದ ಪಶುವೈದ್ಯರು ಅದನ್ನು ರಾಣಿಖೇತ್ ರೋಗವೆಂದೇ ಕರೆದರು. ರಾಣಿಖೇತಕ್ಕೆ ಹೆಚ್ಚು ದೂರವಲ್ಲದ ಮುಕ್ತೇಶ್ವರದ ಪ್ರಯೋಗಾಲಯದ ಹೆಸರನ್ನು ಹೊತ್ತ ಲಸಿಕೆಯು 1940ರ ದಶಕದಲ್ಲಿ ಸಿದ್ಧವಾಯಿತಾದರೂ, ತಂಪಿನಲ್ಲಿಯೇ ಇಡಬೇಕಾದ ಹಾಗೂ ನೂರಾರು ಹಕ್ಕಿಗಳಿಗೆ ಒಟ್ಟಿಗೆ ಕೊಡಲೆಂದು ಅಳೆದ ಆ ಸೀಸೆಯು ಐದು ಕೋಳಿ ಸಾಕಿದವಳ ಮನೆಬಾಗಿಲಿಗೆ ಬರುವುದು ಸುಲಭವಾಗಿರಲಿಲ್ಲ.

ಹಿತ್ತಲನ್ನು ಸುಧಾರಿಸುವ ಯೋಚನೆ ಮೊದಲು ಮಿಷನರಿಗಳಿಗೆ ಬಂದಿತು. 1910ರ ದಶಕದಲ್ಲಿ ಸಂಯುಕ್ತ ಪ್ರಾಂತ್ಯದ ಏಟಾದಲ್ಲಿ ಅಮೆರಿಕದ ಪಾದ್ರಿ ಆರ್ಥರ್ ಸ್ಲೇಟರ್, ಮುಂದಿನ ದಶಕದಲ್ಲಿ ತಿರುವಾಂಕೂರಿನ ಮಾರ್ತಾಂಡಂನಲ್ಲಿ ವೈಎಂಸಿಎಯ ಸ್ಪೆನ್ಸರ್ ಹ್ಯಾಚ್ ಇವರು ವಿದೇಶಿ ತಳಿಗಳನ್ನು ತರಿಸಿ ಬಡವರಿಗೆ ಹಂಚಿದರು. ಮಾರ್ತಾಂಡಂನಲ್ಲಿ ಮೊಟ್ಟೆಗಳನ್ನು ಸಹಕಾರಿ ಪದ್ಧತಿಯಲ್ಲಿ ಒಟ್ಟುಗೂಡಿಸಿ ಪೇಟೆಗೆ ಮಾರುವ ಏರ್ಪಾಡೂ ಆಯಿತು. ಮೊಟ್ಟೆಯು ಬಿತ್ತನೆಯಿಂದ ಸರಕಾಗಿ ತಿರುಗಿದ ಗಳಿಗೆಯನ್ನು ಗುರುತಿಸಬೇಕಾದರೆ ಇಲ್ಲಿಯೇ ಗುರುತಿಸಬೇಕು. ಸ್ವಾತಂತ್ರ್ಯಾನಂತರ ಸಮುದಾಯ ಅಭಿವೃದ್ಧಿ ಯೋಜನೆಯು ಇದೇ ದಾರಿ ಹಿಡಿದು, ಊರಿನ ಹುಂಜವನ್ನು ತೆಗೆದುಕೊಂಡು ಬದಲಿಗೆ ವೈಟ್ ಲೆಗ್‌ಹಾರ್ನ್ ಅಥವಾ ರೋಡ್ ಐಲ್ಯಾಂಡ್ ರೆಡ್ ತಳಿಯ ಹುಂಜ ಕೊಡುವ ಕಾರ್ಯಕ್ರಮಗಳನ್ನು ನಡೆಸಿತು.

ಲೆಗ್‌ಹಾರ್ನ್ ಎಂಬುದು ಇಟಲಿಯ ಲಿವೊರ್ನೊ ಬಂದರಿನ ಹೆಸರನ್ನು ಇಂಗ್ಲಿಷರು ಉಚ್ಚರಿಸಿದ ರೀತಿ. ಹೆಚ್ಚು ಇಡುವ ಹಕ್ಕಿಗಳನ್ನೇ ತಲೆತಲಾಂತರ ಆರಿಸುತ್ತ ಬಂದ ಸಾಕಣೆಗಾರರು ಆ ತಳಿಯಿಂದ ಕಾವನ್ನು ಬಹುಮಟ್ಟಿಗೆ ಕಿತ್ತುಹಾಕಿದ್ದರು. ಕಾವಿಗೆ ಕೂರದ ಹಕ್ಕಿ ಬಿಡುವಿಲ್ಲದೆ ಇಡುತ್ತದೆ, ಅದರ ಮರಿ ಮಾಡುವ ಹೊಣೆಯನ್ನು ಯಂತ್ರ ಹೊರುತ್ತದೆ ಎಂಬುದು ಇದರ ತರ್ಕ. ಯಂತ್ರವಿಲ್ಲದ ಹಿತ್ತಲಿನಲ್ಲಿ ಈ ತರ್ಕ ಅರ್ಧಕ್ಕೇ ನಿಂತಿತು: ಮಿಶ್ರತಳಿಯ ಹ್ಯಾಟೆ ಮೊಟ್ಟೆಯನ್ನೇನೋ ಇಟ್ಟಿತು, ಕೂರಲಿಲ್ಲ. ಅದರ ಬಿಳಿ ಮೈಯೋ ಆಕಾಶದ ಹದ್ದಿಗೆ ಗುರಿಹಲಗೆಯಂತಿತ್ತು. ಹಂಚಿದವರು ಹಳ್ಳಿಯವರ ಅಜ್ಞಾನವನ್ನು ದೂರಿದುದುಂಟು. ಆದರೆ ಎರಡು ವರ್ಷದಲ್ಲಿ ಸಂತತಿಯೇ ನಿಂತುಹೋಗುವ ಕೋಳಿಯನ್ನು ಬೇಡವೆಂದವಳ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಕಷ್ಟ.

ಕಾವಿಲ್ಲದ ಕೋಳಿಗೆ ತಕ್ಕ ಜಾಗ ಹಿತ್ತಲಲ್ಲ, ಫಾರಂ. 1971ರಲ್ಲಿ ಬಿ.ವಿ. ರಾವ್ ಅವರು ಪುಣೆಯಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ ಮೇಲೆ ಮರಿ, ಮೇವು, ಔಷಧಿಗಳು ಪೇಟೆಯಲ್ಲಿ ದೊರೆಯುವ ಸಾಮಗ್ರಿಗಳಾದವು. 1982ರಲ್ಲಿ ರೂಪುಗೊಂಡ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಮೊಟ್ಟೆಯ ದರವನ್ನು ಸಾರತೊಡಗಿತು. ವರ್ಷಕ್ಕೆ 300ರಷ್ಟು ಮೊಟ್ಟೆಯಿಡುವ ಪಂಜರದ ಕೋಳಿಯ ಮುಂದೆ ಅರವತ್ತು ಇಡುವ ನಾಟಿಕೋಳಿಯು ಲೆಕ್ಕದಲ್ಲಿ ಸೋತದ್ದು ಸಹಜವೇ. ಆದರೆ ಹಿತ್ತಲು ಖಾಲಿಯಾಗಲಿಲ್ಲ. ಅದಕ್ಕೆ ಹೊಂದುವ ಹಕ್ಕಿಯನ್ನೇ ರೂಪಿಸಬೇಕೆಂಬ ಅರಿವು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೂಡಿ, 1980ರ ದಶಕದ ಕೊನೆಯ ವೇಳೆಗೆ ಬಣ್ಣಬಣ್ಣದ ಗರಿಯ, ಬೇಗ ಮೈದುಂಬುವ, ವರ್ಷಕ್ಕೆ 130ರಿಂದ 150 ಮೊಟ್ಟೆಯಿಡುವ ‘ಗಿರಿರಾಜ’ ಹೊರಬಂದಿತು; 2005ರಲ್ಲಿ ಅದಕ್ಕಿಂತ ಹೆಚ್ಚು ಮೊಟ್ಟೆಯಿಡುವ ‘ಸ್ವರ್ಣಧಾರಾ’ ಬಂದಿತು. ಹೈದರಾಬಾದಿನ ಕೋಳಿ ಸಂಶೋಧನಾ ಕೇಂದ್ರದ ‘ವನರಾಜ’ ಮತ್ತು ‘ಗ್ರಾಮಪ್ರಿಯ’ಗಳೂ ಇದೇ ಉದ್ದೇಶದವು. ಇದರ ಜೊತೆಗೆ ಊರಿನ ತಳಿಗಳಿಗೂ ದಾಖಲೆಯಲ್ಲಿ ಹೆಸರು ಸಿಕ್ಕಿತು: ಆಂಧ್ರದ ಕೆಲವು ಭಾಗಗಳಲ್ಲಿಯೂ ಕರ್ನಾಟಕದ ಗಡಿಸೀಮೆಯಲ್ಲಿಯೂ ಸಾಕುವ ‘ಘಾಗಸ್’ ಈಗ ದೇಶದ ನೋಂದಾಯಿತ ಕೋಳಿತಳಿಗಳಲ್ಲೊಂದು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿಯಾಗಿದ್ದು, ಹಿಂದಿನ ಗಣತಿಗಿಂತ ಶೇ. 45.8ರಷ್ಟು ಏರಿತ್ತು, ಅದೇ ಅವಧಿಯಲ್ಲಿ ಫಾರಂ ಕೋಳಿಗಳ ಏರಿಕೆ ಶೇ. 4.5 ಮಾತ್ರ.

ಸುಧಾರಿತ ತಳಿಗಳ ಹ್ಯಾಟೆಗಳು ಸಹ ಕಾವಿಗೆ ಕೂರುವುದು ಅಪರೂಪವಾದ್ದರಿಂದ, ಅವುಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಬೇಕೆನ್ನುವವರು ಒಂದೆರಡು ನಾಟಿ ಹ್ಯಾಟೆಗಳನ್ನು ಉಳಿಸಿಕೊಂಡಿರುತ್ತಾರೆ. ನಾಟಿಯ ಸಣ್ಣ ಬಿಳುಪು ಮೊಟ್ಟೆಗಳನ್ನು ಮಂಕರಿಯಿಂದ ತೆಗೆದು, ಗಿರಿರಾಜದ ದಪ್ಪ ಕಂದು ಮೊಟ್ಟೆಗಳನ್ನು ಇರುಳಲ್ಲಿ ಅದರ ರೆಕ್ಕೆಯಡಿ ಸರಿಸಿದರೆ, ಹದಿನೈದಕ್ಕೆ ಬದಲು ಎಂಟೋ ಒಂಬತ್ತೋ ಹಿಡಿಸುತ್ತವೆ. ಹ್ಯಾಟೆ ಗರಿ ಕೆದರಿ, ಗೊಣಗಿ, ಅವನ್ನು ಕೊಕ್ಕಿನಿಂದ ಎದೆಯಡಿಗೆ ಎಳೆದುಕೊಂಡು ಕೂರುತ್ತದೆ.