ಬೆಳಕಿನ ಮಾತ್ರೆ: ಮಂಡಿ ಸವೆತಕ್ಕೆ ಲೇಸರ್ ಚಿಕಿತ್ಸೆಯ ಪರೀಕ್ಷೆಗಳು ನಡೆದುಬಂದ ದಾರಿ

ಇಂದಿನ ಕನ್ನಡದಲ್ಲಿ ‘ಮಾತ್ರೆ’ ಎಂದರೆ ನುಂಗುವ ಗುಳಿಗೆ. ಛಂದಸ್ಸು ಓದಿದವರಿಗೆ ಅದು ಅಕ್ಷರದ ಉಚ್ಚಾರಣೆಗೆ ಹಿಡಿಯುವ ಕಾಲದ ಮಾನ. ಮೂಲದಲ್ಲಿ ಈ ಪದಕ್ಕೆ ಅಳತೆ ಎಂದೇ ಅರ್ಥ. ಔಷಧವನ್ನು ಎಷ್ಟು ಕೊಡಬೇಕು ಎಂಬ ಪ್ರಮಾಣವನ್ನು ಆಯುರ್ವೇದವೂ ಮಾತ್ರೆ ಎಂದೇ ಕರೆದಿದೆ. ಮಂಡಿ ಸವೆತದ ನೋವಿಗೆ ಕಡಿಮೆ ಶಕ್ತಿಯ ಲೇಸರ್ ಬೆಳಕನ್ನು ಮದ್ದಾಗಿ ಬಳಸಿ ನೋಡಿದ ಸುಮಾರು ನಾಲ್ಕು ದಶಕಗಳ ಪ್ರಯೋಗಗಳನ್ನು ಓದುತ್ತ ಹೋದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಹಳೆಯ ಅರ್ಥವೇ. ಅಲ್ಲಿನ ವಾದವಿವಾದಗಳೆಲ್ಲ ‘ಲೇಸರ್ ಕೆಲಸ ಮಾಡುತ್ತದೆಯೇ?’ ಎಂಬ ಪ್ರಶ್ನೆಯ ಸುತ್ತ ನಡೆದವು. ‘ಎಷ್ಟು ಲೇಸರ್?’ ಎಂಬ ಪ್ರಶ್ನೆ ಬಹಳ ತಡವಾಗಿ ಬಂತು.

ಕಾಯಿಲೆ ಅಪರೂಪದ್ದಲ್ಲ. ಆಗ್ರಾ, ಬೆಂಗಳೂರು, ಕೋಲ್ಕತ್ತ, ಡೆಹ್ರಾಡೂನ್, ಪುಣೆ ನಗರಗಳಲ್ಲೂ ಅವುಗಳ ಸುತ್ತಲಿನ ಊರುಗಳಲ್ಲೂ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರೀಕ್ಷಿಸಿದವರಲ್ಲಿ ಶೇ. 28.7ರಷ್ಟು ಮಂದಿಗೆ ಮಂಡಿ ಸವೆತ ಇರುವುದನ್ನು ಗುರುತಿಸಿತು. ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ತೊಂದರೆ. ಕೊನೆಯ ದಾರಿ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ. ಈ ಎರಡರ ನಡುವೆ ಸಿಕ್ಕಿಕೊಂಡವರಿಗೆ, ಸುಡದ, ಚುಚ್ಚದ ಒಂದು ಬೆಳಕು ನೋವು ತಗ್ಗಿಸುತ್ತದೆ ಎಂದರೆ ಆಸೆ ಹುಟ್ಟದೆ ಇರುವುದಿಲ್ಲ. ಆ ಆಸೆಯ ಬುಡ ಎಷ್ಟು ಗಟ್ಟಿ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಬೆಳಕಿನಿಂದ ರೋಗ ವಾಸಿಮಾಡುವ ವಿಚಾರ ಲೇಸರಿಗಿಂತ ಹಳೆಯದು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ರೂಪಿಸಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಪ್ರಶಸ್ತಿ ಸಂದಿತ್ತು. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಮೊದಲ ಮಾಣಿಕ್ಯ ಲೇಸರನ್ನು ಬೆಳಗಿಸಿದ. ಕೆಲವೇ ವರ್ಷಗಳಲ್ಲಿ ವೈದ್ಯರು ಅದನ್ನು ಕೈಗೆತ್ತಿಕೊಂಡರು, ಆದರೆ ಕತ್ತರಿಸುವ, ಸುಡುವ ಸಾಧನವಾಗಿ. ಬುಡಾಪೆಸ್ಟಿನ ಶಸ್ತ್ರವೈದ್ಯ ಎಂದ್ರೆ ಮೆಸ್ಟರ್ 1967ರ ಸುಮಾರಿಗೆ ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಲೇಸರಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದರು. ಅವರ ಬಳಿಯಿದ್ದ ಬೆಳಕು ತೀರ ಮಂದವಾದದ್ದು. ಕ್ಯಾನ್ಸರಿನ ಬಗ್ಗೆ ಅದು ಏನನ್ನೂ ಹೇಳಲಿಲ್ಲ. ಆದರೆ ಬೆಳಕು ಬಿದ್ದ ಇಲಿಗಳ ಬೆನ್ನಿನಲ್ಲಿ ಕೂದಲು ಉಳಿದವಕ್ಕಿಂತ ಬೇಗ ಬೆಳೆಯಿತು. ಮುಂದೆ ಅವರು ವಾಸಿಯಾಗದ ಕಾಲಿನ ಹುಣ್ಣುಗಳಿಗೆ ಇದೇ ಮಂದ ಬೆಳಕನ್ನು ಬಳಸಿದರು. ಈ ಚಿಕಿತ್ಸೆ ಹುಟ್ಟಿದ್ದೇ ಅಳತೆಯ ವ್ಯತ್ಯಾಸದಿಂದ ಎಂಬುದು ಗಮನಿಸಬೇಕಾದ ಸಂಗತಿ. ಲೇಸರ್ ಸಾಕಷ್ಟು ಪ್ರಬಲವಾಗಿದ್ದಿದ್ದರೆ ಮೆಸ್ಟರ್ ಕಾಣುತ್ತಿದ್ದದ್ದು ಸುಟ್ಟಗಾಯವನ್ನು ಮಾತ್ರ.

ಮಂದ ಬೆಳಕು ಜೀವಕೋಶಕ್ಕೆ ಏನು ಮಾಡುತ್ತದೆ? ಈ ಪ್ರಶ್ನೆಯನ್ನು ಹಟ ಹಿಡಿದು ಬೆನ್ನಟ್ಟಿದವರು ಸೋವಿಯತ್ ವಿಜ್ಞಾನಿ ಟೀನಾ ಕಾರು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಅತಿಗೆಂಪಿನ ಸಮೀಪದ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಿಂದ ಕೋಶದ ಶಕ್ತಿ ಉತ್ಪಾದನೆ ಚುರುಕಾಗುತ್ತದೆ ಎಂಬ ವಿವರಣೆ ಬಹುಮಟ್ಟಿಗೆ ಅವರದು. ಪ್ರಯೋಗಾಲಯಗಳು ಇನ್ನೂ ಒಂದು ಮಾತು ಹೇಳಿದವು. ಬೆಳಕು ತೀರ ಕಡಿಮೆಯಾದರೆ ಪರಿಣಾಮವಿಲ್ಲ, ಹದವಾಗಿದ್ದರೆ ಕೋಶ ಚೇತರಿಸುತ್ತದೆ, ಮಿತಿಮೀರಿದರೆ ಕುಗ್ಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮಲ್ಲಿ ಹೇಳುವುದು ಇಲ್ಲಿ ಅಕ್ಷರಶಃ ನಿಜ. ಹೀಗಿರುವಾಗ ಅಳತೆ ಹೇಳದೆ ಲೇಸರಿನ ಗುಣದೋಷ ಹೇಳುವುದು, ಮಿಲಿಗ್ರಾಂ ಹೇಳದೆ ಗುಳಿಗೆಯ ಗುಣದೋಷ ಹೇಳಿದಂತೆ.

ಅಳತೆ ಎಂದರೇನು ಎಂಬುದನ್ನು ಇಲ್ಲೇ ಬಿಡಿಸಿಕೊಳ್ಳೋಣ. ಉಪಕರಣದ ಸಾಮರ್ಥ್ಯ ಮಿಲಿವ್ಯಾಟ್‌ಗಳಲ್ಲಿ, ಬೆಳಕಿನ ಬಣ್ಣ ನ್ಯಾನೋಮೀಟರ್ ತರಂಗಾಂತರದಲ್ಲಿ, ಚರ್ಮದ ಒಂದೊಂದು ಬಿಂದುವಿಗೆ ಸಲ್ಲುವ ಶಕ್ತಿ ಜೂಲ್‌ಗಳಲ್ಲಿ. 50 ಮಿಲಿವ್ಯಾಟ್ ಲೇಸರನ್ನು ಒಂದೇ ಬಿಂದುವಿನ ಮೇಲೆ 1 ನಿಮಿಷ ಹಿಡಿದರೆ 3 ಜೂಲ್, 2 ನಿಮಿಷ ಹಿಡಿದರೆ 6 ಜೂಲ್. ಇಷ್ಟೇ ಲೆಕ್ಕ. ಮಂಡಿಯ ಸುತ್ತ ಎಷ್ಟು ಬಿಂದು, ವಾರಕ್ಕೆ ಎಷ್ಟು ಸಲ, ಎಷ್ಟು ವಾರ ಎಂಬುದೂ ಸೇರಿದರೆ ಬೆಳಕಿನ ಚೀಟಿ ಪೂರ್ತಿಯಾಗುತ್ತದೆ. ಆರಂಭದ ಎಷ್ಟೋ ವರದಿಗಳಲ್ಲಿ ಈ ಚೀಟಿ ಅರ್ಧಂಬರ್ಧ.

ಕೀಲು ಸವೆತದ ಮೇಲಿನ ಮೊದಲ ಶಿಸ್ತಿನ ಪರೀಕ್ಷೆಗಳು 1980ರ ದಶಕದವು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 1987ರಲ್ಲಿ ಹೆಬ್ಬೆರಳಿನ ಕೀಲು ಸವೆತಕ್ಕೆ ಹೀಲಿಯಂ–ನಿಯಾನ್ ಲೇಸರನ್ನು ಪರೀಕ್ಷಿಸಿ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಎಂದರು. ಅವರು ಬಳಸಿದ ಸಾಮರ್ಥ್ಯ 0.9 ಮಿಲಿವ್ಯಾಟ್. ಪರೀಕ್ಷೆಯ ಕ್ರಮದಲ್ಲಿ ತಪ್ಪಿರಲಿಲ್ಲ, ಆದರೆ ಆ ಉಪಕರಣದಿಂದ 3 ಜೂಲ್ ಪಡೆಯಲು ಒಂದೊಂದು ಬಿಂದುವಿನ ಮೇಲೆ 55 ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯಬೇಕಾಗುತ್ತಿತ್ತು. ಡೆನ್ಮಾರ್ಕಿನಲ್ಲಿ ಮಂಡಿಯ ಮೇಲೆ ನಡೆದು 1987 ಮತ್ತು 1994ರಲ್ಲಿ ಪ್ರಕಟವಾದ ಎರಡು ಸಣ್ಣ ಅಧ್ಯಯನಗಳೂ ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಇವುಗಳ ನಡುವೆ, 1992ರಲ್ಲಿ, ಇಸ್ರೇಲಿನ ವೈದ್ಯರು 50 ಮಂದಿ ವೃದ್ಧರಿಗೆ ಕೆಂಪು ಮತ್ತು ಅತಿಗೆಂಪು ಬೆಳಕಿನ ಸಣ್ಣ ಉಪಕರಣ ಕೊಟ್ಟು ನೋಡಿ, ನೋವು ಅರ್ಧಕ್ಕಿಂತ ಕೆಳಗಿಳಿಯಿತೆಂದು ವರದಿ ಮಾಡಿದ್ದರು.

ಹುಸಿ ಚಿಕಿತ್ಸೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಮಂಡಿನೋವು ನಂಬಿಕೆಗೆ ಬಹಳ ಬೇಗ ಮಣಿಯುತ್ತದೆ. 2002ರಲ್ಲಿ ಹ್ಯೂಸ್ಟನ್ನಿನ ಶಸ್ತ್ರವೈದ್ಯರು 180 ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಚರ್ಮವನ್ನಷ್ಟೇ ಕೊಯ್ದು ಹೊಲಿದವರಿಗೂ, ದುರ್ಬೀನಿನಿಂದ ಮಂಡಿಯೊಳಗನ್ನು ನಿಜವಾಗಿ ಸ್ವಚ್ಛಗೊಳಿಸಿಕೊಂಡವರಿಗೂ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕೀಲು ಸವೆತದ 198 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆಯೂ, ಬರಿಯ ಹುಸಿ ಮದ್ದೇ ನೋವನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂದು ತೋರಿಸಿತು. ‘ಹಾಕಿಸಿಕೊಂಡೆ, ಹಾಯೆನಿಸಿತು’ ಎಂಬ ಮಾತು ಹೇಳಿದವರ ಮಟ್ಟಿಗೆ ನಿಜ, ಪುರಾವೆಯಾಗಿ ಮಾತ್ರ ಅದು ಸಾಲದು. ಈ ವಿಷಯದಲ್ಲಿ ಲೇಸರಿಗೆ ಒಂದು ಅನುಕೂಲವಿದೆ. ವ್ಯಾಯಾಮವನ್ನು ಹುಸಿಯಾಗಿ ಮಾಡಿಸಲಾಗದು. ಬಿಸಿ ಶಾಖವನ್ನು ಚರ್ಮ ಕೂಡಲೇ ಗುರುತಿಸುತ್ತದೆ. ಅತಿಗೆಂಪು ಲೇಸರ್ ಕಣ್ಣಿಗೆ ಕಾಣದು, ಕಡಿಮೆ ಶಕ್ತಿಯದಾದರೆ ಬಿಸಿಯೂ ತಟ್ಟದು. ಆದ್ದರಿಂದ ರೋಗಿಗೂ ಚಿಕಿತ್ಸಕರಿಗೂ ಗೊತ್ತಾಗದಂತೆ ನಿಜದ್ದನ್ನೂ ಹುಸಿಯದನ್ನೂ ಅದಲುಬದಲು ಮಾಡಬಹುದು. ಇಷ್ಟು ಪ್ರಾಮಾಣಿಕವಾಗಿ ಪರೀಕ್ಷಿಸಬಹುದಾದ ಚಿಕಿತ್ಸೆಗಳು ಫಿಸಿಯೊಥೆರಪಿಯಲ್ಲಿ ಹೆಚ್ಚಿಲ್ಲ.

2000ರ ನಂತರದ ದಶಕದಲ್ಲಿ ಪರೀಕ್ಷೆಗಳು ಹೆಚ್ಚಾದವು, ಗೊಂದಲವೂ ಹೆಚ್ಚಿತು. ಟರ್ಕಿ ದೇಶವೊಂದರಲ್ಲೇ ಎರಡು ಉತ್ತರ ಬಂದವು. 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 90 ಮಂದಿಯನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ವ್ಯಾಯಾಮ ಹೇಳಿಕೊಟ್ಟು, ಎರಡು ಗುಂಪಿಗೆ ಬಿಂದುವಿಗೆ 3 ಮತ್ತು 2 ಜೂಲ್‌ನಂತೆ 904 ನ್ಯಾನೋಮೀಟರ್ ಲೇಸರನ್ನೂ ಮೂರನೆಯದಕ್ಕೆ ಹುಸಿ ಲೇಸರನ್ನೂ ಕೊಟ್ಟರು. ಲೇಸರ್ ಪಡೆದ ಎರಡೂ ಗುಂಪುಗಳ ನೋವು ಹೆಚ್ಚು ತಗ್ಗಿತು. ಮರುವರ್ಷ ಪ್ರಕಟವಾದ 60 ಮಂದಿಯ ಪರೀಕ್ಷೆಯಲ್ಲಿ 830 ನ್ಯಾನೋಮೀಟರ್ ಲೇಸರನ್ನು ಬಿಂದುವಿಗೆ 3 ಮತ್ತು 1.5 ಜೂಲ್‌ನಂತೆ ಕೊಟ್ಟಾಗ ಏನೂ ಲಾಭವಾಗಲಿಲ್ಲ. ಮೇಲುನೋಟಕ್ಕೆ ಇವೆರಡೂ ಒಂದೇ ಚಿಕಿತ್ಸೆ. ಆದರೆ 904 ನ್ಯಾನೋಮೀಟರ್ ಲೇಸರ್ ಬೆಳಕನ್ನು ಅತಿ ಚಿಕ್ಕ, ಅತಿ ತೀವ್ರ ಮಿಡಿತಗಳಲ್ಲಿ ಬಿಡುತ್ತದೆ. ಇಲಿಯ ಚರ್ಮದ ಮೇಲೆ ನಾರ್ವೆಯ ಸಂಶೋಧಕರು ಅಳೆದಾಗ, 810 ನ್ಯಾನೋಮೀಟರಿನ ಬೆಳಕಿನಲ್ಲಿ ಸುಮಾರು ಶೇ. 20 ಮಾತ್ರ ಚರ್ಮ ದಾಟಿತು. 904ರ ಬೆಳಕು ಶೇ. 38ರಿಂದ ಆರಂಭಿಸಿ ಹೊತ್ತು ಕಳೆದಂತೆ 58ಕ್ಕೆ ಏರಿತು. ಒಂದೇ 3 ಜೂಲ್ ಒಂದು ಲೇಸರಿನಲ್ಲಿ ಸಾಕು, ಇನ್ನೊಂದರಲ್ಲಿ ಸಾಲದು ಎಂಬುದಕ್ಕೆ ಇದೊಂದು ಕಾರಣವಿರಬಹುದು.

2009ರಲ್ಲಿ ಹಂಗೇರಿಯಿಂದ, ಅಂದರೆ ಮೆಸ್ಟರ್ ಅವರ ನಾಡಿನಿಂದಲೇ, ಇನ್ನೊಂದು ವರದಿ ಬಂತು. ಮತ್ತದೇ 830 ನ್ಯಾನೋಮೀಟರ್. ಸಾಮರ್ಥ್ಯ 50 ಮಿಲಿವ್ಯಾಟ್, ಆದರೆ ಈ ಸಲ ಬಿಂದುವಿಗೆ 6 ಜೂಲ್, ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ. ಹುಸಿ ಗುಂಪಿಗೆ ನೋಡಲು ಥೇಟ್ ಅದೇ ರೀತಿಯ, 0.5 ಮಿಲಿವ್ಯಾಟಿನ ಉಪಕರಣ. ನಿಜವಾದ ಲೇಸರ್ ಪಡೆದವರ ನೋವು ಹತ್ತರ ಮಾನದಲ್ಲಿ 5.75 ಇದ್ದದ್ದು ಎರಡು ತಿಂಗಳ ನಂತರ 1.18ಕ್ಕೆ ಇಳಿದಿತ್ತು, ಹುಸಿ ಗುಂಪಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ರೋಗಿಗಳ ಸಂಖ್ಯೆ ತೀರ ಚಿಕ್ಕದಾದ್ದರಿಂದ ಈ ಒಂದರ ಮೇಲೆ ಮನೆ ಕಟ್ಟಲಾಗದು. ಆದರೂ ಟರ್ಕಿಯ ಸೋಲನ್ನೂ ಹಂಗೇರಿಯ ಗೆಲುವನ್ನೂ ಪಕ್ಕಪಕ್ಕ ಇಟ್ಟವರಿಗೆ, ಒಂದೇ ತರಂಗಾಂತರದಲ್ಲಿ ಬದಲಾದದ್ದು ಮುಖ್ಯವಾಗಿ ಮಾತ್ರೆ ಎಂಬುದು ಕಾಣದೆ ಇರದು.

ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ನಾರ್ವೆಯ ಬರ್ಗೆನ್ ನಗರದ ಯಾನ್ ಬ್ಯೋರ್ಡಾಲ್ ಮತ್ತು ಸಂಗಡಿಗರು. ಆಯಾ ಕೀಲಿನ ಆಳಕ್ಕೆ ತಕ್ಕ ಪ್ರಮಾಣವನ್ನು ಮೊದಲೇ ನಿಗದಿ ಮಾಡಿಕೊಂಡು, ಆ ಮಿತಿಯೊಳಗಿನ ಪರೀಕ್ಷೆಗಳನ್ನಷ್ಟೇ ಕೂಡಿಸಿ ನೋಡಬೇಕೆಂದು 2003ರ ತಮ್ಮ ವಿಮರ್ಶೆಯಲ್ಲಿ ಅವರು ವಾದಿಸಿದರು. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಜಾಲಕ್ಕಾಗಿ ಕೆನಡಾದ ಲೂಸಿ ಬ್ರೊಸೊ ಅವರ ನೇತೃತ್ವದಲ್ಲಿ ನಡೆದ ವಿಮರ್ಶೆ ಆ ಹೊತ್ತಿಗೆ ಫಲಿತಾಂಶಗಳು ಪರಸ್ಪರ ವಿರುದ್ಧವಾಗಿವೆ ಎಂದಿತ್ತು. ಬರ್ಗೆನ್ ತಂಡ 2005ರಲ್ಲಿ ಅದಕ್ಕೆ ನೇರ ಆಕ್ಷೇಪ ಎತ್ತಿತು. 2006ರಲ್ಲಿ ಅದೇ ತಂಡ ಏಳು ಮಂದಿ ರೋಗಿಗಳ ಹಿಮ್ಮಡಿಯ ಸ್ನಾಯುರಜ್ಜುವಿನ ಬಳಿ ಸಣ್ಣ ನಳಿಕೆ ಇಳಿಸಿ, ಲೇಸರಿನ ನಂತರ ಉರಿಯೂತಕ್ಕೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್ ಇ2 ಕಡಿಮೆಯಾಗುವುದನ್ನು ಅಳೆದು ತೋರಿಸಿತು. ಮಾತಿನ ಜಗಳಕ್ಕಿಂತ ಈ ಬಗೆಯ ಅಳತೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಮುಂದಿನ ಎರಡು ದೊಡ್ಡ ವಿಮರ್ಶೆಗಳು ಒಂದಕ್ಕೊಂದು ಎದುರು ನಿಂತಿವೆ. 2015ರದು 9 ಪರೀಕ್ಷೆ, 518 ರೋಗಿಗಳನ್ನು ಕೂಡಿಸಿ, ಲೇಸರಿಗೆ ಆಧಾರವಿಲ್ಲ ಎಂದಿತು. 2019ರಲ್ಲಿ ಮಾರ್ಟಿನ್ ಸ್ಟೌಸ್‌ಹೋಮ್ ಮತ್ತು ಬ್ಯೋರ್ಡಾಲ್ ಸೇರಿದಂತೆ ಹಲವರು 22 ಪರೀಕ್ಷೆ, 1063 ರೋಗಿಗಳ ಅಂಕಿಗಳನ್ನು ಮಾತ್ರೆಯ ಪ್ರಕಾರ ಬೇರ್ಪಡಿಸಿದರು. 100 ಮಿಲಿಮೀಟರಿನ ನೋವಿನ ಗೆರೆಯಲ್ಲಿ ಹುಸಿ ಚಿಕಿತ್ಸೆಗಿಂತ ಒಟ್ಟಾರೆ ಲಾಭ 14.23 ಮಿ.ಮೀ. ಶಿಫಾರಸಾದ ಮಾತ್ರೆಯನ್ನು, ಅಂದರೆ ಬಿಂದುವಿಗೆ 785ರಿಂದ 860 ನ್ಯಾನೋಮೀಟರಿನಲ್ಲಿ 4–8 ಜೂಲ್ ಅಥವಾ 904ರಲ್ಲಿ 1–3 ಜೂಲ್ ಕೊಟ್ಟವುಗಳನ್ನಷ್ಟೇ ನೋಡಿದರೆ ಅದು 18.71 ಮಿ.ಮೀ, ಚಿಕಿತ್ಸೆ ಮುಗಿದ ಎರಡರಿಂದ ನಾಲ್ಕು ವಾರದ ಹೊತ್ತಿಗೆ 31.87.

ಈ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪಬಾರದು. ಗೆದ್ದ ಪರೀಕ್ಷೆಗಳಿಂದ ಮಾನದಂಡ ಕಡೆದು, ಅದೇ ಮಾನದಂಡದಿಂದ ಗೆದ್ದವರನ್ನು ಆರಿಸಿದರೆ ಗೆಲುವು ಖಚಿತ. ಮಾತ್ರೆಯ ಶಿಫಾರಸು ಮಾಡಿದವರೂ ವಿಮರ್ಶೆ ಬರೆದವರಲ್ಲಿ ಇದ್ದಾರೆ. ಆದರೆ 2003ರ ವಾದದ ನಂತರ ನಡೆದ ಪರೀಕ್ಷೆಗಳೂ ಆ ಕಡೆಗೇ ವಾಲಿದವು ಎಂಬುದನ್ನೂ ಮರೆಯುವಂತಿಲ್ಲ. ಹಂಗೇರಿಯದು ಒಂದು, 2012ರಲ್ಲಿ ಬ್ರೆಜಿಲಿನಲ್ಲಿ 40 ಮಂದಿಗೆ 904 ನ್ಯಾನೋಮೀಟರಿನಲ್ಲಿ ಬಿಂದುವಿಗೆ 3 ಜೂಲ್ ಕೊಟ್ಟು, ನಂತರ ಎಂಟು ವಾರ ವ್ಯಾಯಾಮ ಮಾಡಿಸಿದ್ದು ಇನ್ನೊಂದು. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಮಾತ್ರ 2022ರ ತನ್ನ ಮಾರ್ಗಸೂಚಿಯಲ್ಲಿ, ಪುರಾವೆ ಸಾಲದೆಂಬ ಕಾರಣ ಕೊಟ್ಟು, ಕೀಲು ಸವೆತಕ್ಕೆ ಲೇಸರ್ ಸೇರಿದಂತೆ ವಿದ್ಯುತ್ ಚಿಕಿತ್ಸೆಗಳನ್ನು ಕೊಡಬೇಡಿ ಎಂದೇ ಹೇಳಿದೆ.

ಇದೇ ಮಂದ ಬೆಳಕು ಬಾಯಿಯೊಳಗೆ ಬೇರೆಯೇ ಗೌರವ ಗಳಿಸಿದೆ. ತಲೆ–ಕತ್ತಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯಿಹುಣ್ಣಿಗೆ ಹೀಲಿಯಂ–ನಿಯಾನ್ ಲೇಸರ್ ನೆರವಾಗುವುದನ್ನು ನಮ್ಮ ಮಣಿಪಾಲದ ಸಂಶೋಧಕರು 2006ರಲ್ಲೇ ವರದಿ ಮಾಡಿದ್ದರು. ಇಂದು ಆ ಬಳಕೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಸಮ್ಮತಿಯಿದೆ. ಬಾಯಿಯ ತೆಳುಪೊರೆಗೆ ಬೆಳಕು ನೇರ ತಲುಪುತ್ತದೆ. ಮಂಡಿಯಲ್ಲಿ ಅದು ಚರ್ಮ, ಕೊಬ್ಬು, ಕೀಲಿನ ಪೊರೆ ದಾಟಬೇಕು. ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ: 200 ಮಿಲಿವ್ಯಾಟಿನ 810 ನ್ಯಾನೋಮೀಟರ್ ಲೇಸರ್ ಕಪ್ಪು ಚರ್ಮವನ್ನು ಬಿಳಿ ಚರ್ಮಕ್ಕಿಂತ ಬಹಳ ಹೆಚ್ಚು ಬಿಸಿ ಮಾಡುತ್ತದೆ ಎಂದು ನಾರ್ವೆಯವರೇ ಅಳೆದಿದ್ದಾರೆ. ಯೂರೋಪಿನ ಚರ್ಮದ ಮೇಲೆ ಹದಗೊಂಡ ಮಾತ್ರೆಯನ್ನು ನಮ್ಮ ಮಂಡಿಗಳ ಮೇಲೆ ಹಾಗೇ ಇಳಿಸಬಾರದು. ನಮ್ಮಲ್ಲೇ ದೊಡ್ಡ ಪರೀಕ್ಷೆ ನಡೆಯಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ನನ್ನ ತೀರ್ಮಾನ ಇಷ್ಟು. ಸರಿಯಾದ ಮಾತ್ರೆಯಲ್ಲಿ, ವ್ಯಾಯಾಮದ ಜೊತೆಗೆ ಕೊಟ್ಟರೆ ಲೇಸರ್ ಮಂಡಿನೋವನ್ನು ಕೆಲವು ವಾರಗಳಿಂದ ತಿಂಗಳುಗಳವರೆಗೆ ತಗ್ಗಿಸಬಲ್ಲದು ಎಂಬುದಕ್ಕೆ ಆಧಾರವಿದೆ, ಆದರೆ ಅದು ಸಣ್ಣ ಸಣ್ಣ ಪರೀಕ್ಷೆಗಳ ಆಧಾರ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂಬ ಪ್ರಚಾರಕ್ಕೆ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಆಧಾರವಿಲ್ಲ. ಮಂಡಿಗೆ ಲೇಸರ್ ಹಾಕಿಸಿಕೊಳ್ಳಲು ಹೋಗುವ ಓದುಗರು ತರಂಗಾಂತರ ಎಷ್ಟು, ಬಿಂದುವಿಗೆ ಎಷ್ಟು ಜೂಲ್, ಎಷ್ಟು ಬಿಂದು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಮಾತ್ರ ಯಾವ ಬೆಳಕಿಗಾಗಿಯೂ ನಿಲ್ಲಿಸಬೇಡಿ.