ರಸಪ್ರಶ್ನೆ

ಸಾಮಾನ್ಯ ಜ್ಞಾನವನ್ನು ಪ್ರಶ್ನೋತ್ತರದ ಮೂಲಕ ಒರೆಗೆ ಹಚ್ಚುವ ಆಟ. ‘ಕ್ವಿಜ್’ಗೆ ಕನ್ನಡದಲ್ಲಿ ನೆಲೆನಿಂತ ಹೆಸರು. ಪರೀಕ್ಷೆಯ ಪ್ರಶ್ನೆಗಿಲ್ಲದ ‘ರಸ’ವೇ ಇಲ್ಲಿ ಮುಖ್ಯ. ಒಳ್ಳೆಯ ಪ್ರಶ್ನೆ ತನ್ನೊಳಗೇ ಸುಳಿವುಗಳನ್ನು ಹುದುಗಿಸಿಕೊಂಡಿರುತ್ತದೆ. ಉತ್ತರ ಗೊತ್ತಿಲ್ಲದವರೂ ಊಹಿಸುತ್ತಾ ಅದನ್ನು ಮುಟ್ಟಬಹುದು. ಬರೀ ಇಸವಿ ಕೇಳುವುದು ಸೋಮಾರಿ ಪ್ರಶ್ನೆಗಾರರ ಲಕ್ಷಣ.

ಭಾರತದಲ್ಲಿ ಸಾರ್ವಜನಿಕ ರಸಪ್ರಶ್ನೆಗೆ ನಾಂದಿ ಹಾಡಿದವರು ನೀಲ್ ಓಬ್ರಿಯನ್, 1967ರಲ್ಲಿ, ಕಲ್ಕತ್ತೆಯಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಆರಂಭವಾಯಿತು. ಇಂಥ ಕೂಟಗಳ ಆಟದಲ್ಲಿ ಒಂದು ತಂಡಕ್ಕೆ ಉತ್ತರ ಬಾರದ ಪ್ರಶ್ನೆ ಮುಂದಿನ ತಂಡಕ್ಕೆ ದಾಟಿದರೆ ‘ಬೌನ್ಸ್’. ಸರದಿ ಕಾಯದೆ ಉತ್ತರ ಬರೆದುಕೊಡುವುದು ‘ಪೌನ್ಸ್’. ಪೌನ್ಸ್ ತಪ್ಪಿದರೆ ಸಾಮಾನ್ಯವಾಗಿ ಅಂಕಕ್ಕೆ ಕತ್ತರಿ.

ಈ ಆಟವನ್ನು ಕನ್ನಡಿಗರ ಪಡಸಾಲೆಗೆ ತಂದದ್ದು ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. 2002ರಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ನಡೆಸಿಕೊಡುವವರು ವೈದ್ಯ, ಲೇಖಕ ಡಾ. ನಾ. ಸೋಮೇಶ್ವರ. ಸರಿಯುತ್ತರಕ್ಕೆ ಇಲ್ಲಿ ಸಿಗುವುದು ಹಣವಲ್ಲ, ಪುಸ್ತಕ.

2020ರ ಲಾಕ್‌ಡೌನ್‌ನಲ್ಲಿ ರಸಪ್ರಶ್ನೆ ಕೂಟಗಳು ಜೂಮ್‌ಗೆ ಸರಿದವು. ಅಲ್ಲಿ ಗೂಗಲ್ ಬೆರಳ ತುದಿಯಲ್ಲೇ ಇರುವುದರಿಂದ ಆಟ ನಿಂತಿರುವುದು ನಂಬಿಕೆಯ ಮೇಲೆ, ಜೊತೆಗೆ ಹುಡುಕಿದರೂ ಥಟ್ಟನೆ ಸಿಗದಂತೆ ಚಿತ್ರ, ಧ್ವನಿ, ಸುಳಿವು ಬೆಸೆದು ಪ್ರಶ್ನೆ ಹೆಣೆಯುವವರ ಜಾಣ್ಮೆಯ ಮೇಲೆ.